ನಲ್ಲೂರಿನ ಹುಣಸೆಯ ತೋಪು ಮತ್ತು ಎಳೆಯರ ಸಸ್ಯಪಾಠ

1. ಒಂದು ಪ್ರಶ್ನೆ

ಬೆಂಗಳೂರಿಗೆ ಉತ್ತರದಲ್ಲಿ, ದೇವನಹಳ್ಳಿ ತಾಲ್ಲೂಕಿನಲ್ಲಿ, ನಲ್ಲೂರು ಎಂಬ ಗ್ರಾಮವಿದೆ. ಅಲ್ಲಿ ಸುಮಾರು 54 ಎಕರೆ ನೆಲದಲ್ಲಿ ಮುನ್ನೂರರ ಹತ್ತಿರ ಹುಣಸೆಯ ಮರಗಳು ನಿಂತಿವೆ. ಅವುಗಳಲ್ಲಿ ಹಲವು ಬಹು ಹಳೆಯವು. ಬೊಡ್ಡೆ ಟೊಳ್ಳಾಗಿ, ಮೈಯೆಲ್ಲ ಗಂಟುಗಂಟಾಗಿ, ಒಂದು ಪಾರ್ಶ್ವ ಸತ್ತರೂ ಮತ್ತೊಂದು ಪಾರ್ಶ್ವದಿಂದ ಹಸುರು ಕವಲೊಡೆದು ನಿಂತಿರುವ ಮರಗಳನ್ನು ಅಲ್ಲಿ ಕಾಣಬಹುದು. 2002ರ ಜೀವವೈವಿಧ್ಯ ಅಧಿನಿಯಮದ 37ನೆಯ ಪ್ರಕರಣವು ರಾಜ್ಯ ಸರ್ಕಾರಗಳಿಗೆ ಕೊಟ್ಟಿರುವ ಅಧಿಕಾರದ ಮೇರೆಗೆ 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಈ ಗೌರವವನ್ನು ಪಡೆದ ಮೊದಲನೆಯ ತಾಣವಿದು.

ಈ ಲೇಖಕನು ಸಸ್ಯಶಾಸ್ತ್ರದ ಅಭ್ಯಾಸಿಯಲ್ಲ, ಇತಿಹಾಸದ ಅಧ್ಯಾಪಕ. ಪ್ರಾಥಮಿಕ ಶಾಲೆಯೊಂದರ ಮಕ್ಕಳ ತಂಡಕ್ಕೆ ಆ ತೋಪಿನ ಪೂರ್ವಕಥೆಯನ್ನು ಹೇಳುವುದಕ್ಕಾಗಿ ಒಮ್ಮೆ ಅಲ್ಲಿಗೆ ಹೋಗಬೇಕಾಯಿತು. ಚೋಳರು, ಎಂಟುನೂರು ವರ್ಷಗಳು, ಎಂದು ವಾಡಿಕೆಯ ಮಾತುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಎಂಟು ವರ್ಷದ ಹುಡುಗನೊಬ್ಬನು, "ಸಾರ್, ಇಷ್ಟು ದಪ್ಪ ಆಗೋಕೆ ಈ ಮರ ಏನ್ ತಿಂತದೆ?" ಎಂದು ಕೇಳಿದನು. "ಮಣ್ಣಿನ ಸಾರವನ್ನು ತಿನ್ನುತ್ತದೆ" ಎಂದು ನಾನು ನಿಸ್ಸಂಕೋಚವಾಗಿ ಉತ್ತರವಿತ್ತೆ. ಹುಡುಗನು ಮರದ ಬುಡವನ್ನು ಒಂದು ಸುತ್ತು ನೋಡಿ ಬಂದು, "ಹಂಗಾದ್ರೆ ಸುತ್ತ ಗುಂಡಿ ಬೀಳ್ಬೇಕಿತ್ತಲ್ಲ ಸಾರ್?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನ ನಾನು ಮಕ್ಕಳಿಗೆ ಹೇಳಿದ್ದ ಎರಡು ಮಾತುಗಳೂ, ಎಂದರೆ ಮರದ ಆಹಾರವನ್ನು ಕುರಿತ ಮಾತು ಮತ್ತು ಮರದ ವಯಸ್ಸನ್ನು ಕುರಿತ ಮಾತು, ಪರೀಕ್ಷೆ ಮಾಡದೆ ಹೇಳಿದವುಗಳೇ ಎಂಬುದು ಅನಂತರ ತಿಳಿಯಿತು. ಎಳೆಯ ಮಕ್ಕಳಿಗೆ ಗಿಡಮರಗಳು ಬೆಳೆಯುವ ಬಗೆಯನ್ನೂ ಅವುಗಳ ಮಹತ್ತ್ವವನ್ನೂ ಹೇಗೆ ತಿಳಿಸಬೇಕು ಎಂಬ ವಿಷಯವನ್ನು ಈ ಎರಡು ಮಾತುಗಳ ಮೂಲಕ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

2. ಗುಂಡಿ ಏಕೆ ಬೀಳಲಿಲ್ಲ?

ಗಿಡವು ಮಣ್ಣನ್ನು ಉಂಡು ಬೆಳೆಯುತ್ತದೆಂಬುದು ನನ್ನೊಬ್ಬನ ತಪ್ಪಲ್ಲ. ಅದಕ್ಕೆ ಬಹು ದೀರ್ಘವಾದ ಇತಿಹಾಸವಿದೆ. ಗ್ರೀಸ್ ದೇಶದ ಅರಿಸ್ಟಾಟಲನು ಸಸ್ಯದ ಬೇರನ್ನು ಪ್ರಾಣಿಯ ಬಾಯಿಗೆ ಹೋಲಿಸಿ, ಸಸ್ಯವು ತನ್ನ ಆಹಾರವನ್ನು ಭೂಮಿಯಿಂದಲೇ ಪಡೆಯುತ್ತದೆಂದು ಭಾವಿಸಿದ್ದನು. ಎರಡು ಸಾವಿರ ವರ್ಷಗಳಷ್ಟು ಕಾಲ ಈ ಅಭಿಪ್ರಾಯವು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಇದನ್ನು ತಕ್ಕಡಿಯಲ್ಲಿಟ್ಟು ಪರೀಕ್ಷಿಸಿದವನು ಬ್ರಸೆಲ್ಸ್ ಪ್ರಾಂತದ ವೈದ್ಯ ವಾನ್ ಹೆಲ್ಮಾಂಟ್. ಅವನ ಪ್ರಯೋಗದ ವಿವರವು ಅವನ ಮರಣಾನಂತರ 1648ರಲ್ಲಿ ಅಚ್ಚಾದ ಗ್ರಂಥದಲ್ಲಿ ದೊರೆಯುತ್ತದೆ. ಅವನು ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣನ್ನು ಒಂದು ಪಾತ್ರೆಯಲ್ಲಿ ತುಂಬಿ, 5 ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಎರೆದನು. ಕೊನೆಯಲ್ಲಿ ಮರದ ತೂಕ 169 ಪೌಂಡುಗಳನ್ನು ಮೀರಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಅದು ಕಳೆದುಕೊಂಡಿದ್ದುದು ಸುಮಾರು 2 ಔನ್ಸು ಮಾತ್ರ. ನಲ್ಲೂರಿನ ಹುಡುಗನು ಕೇಳಿದ ಪ್ರಶ್ನೆಯೇ ಇದು. ಗುಂಡಿ ಬೀಳುವುದಿಲ್ಲವೆಂದು ಹೆಲ್ಮಾಂಟನು ತೂಕದಿಂದ ತೋರಿಸಿಕೊಟ್ಟನು. ಆದರೆ ಅವನ ನಿರ್ಣಯ ಅರ್ಧ ಮಾತ್ರ ಸರಿ. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಅವನು ತಿಳಿದನು. ಗಾಳಿಯ ಕಡೆಗೆ ಅವನ ಗಮನ ಹೋಗಲಿಲ್ಲ. "ಗ್ಯಾಸ್" ಎಂಬ ಶಬ್ದವನ್ನು ಶಾಸ್ತ್ರಕ್ಕೆ ತಂದವನೇ ಅವನು ಎಂಬುದನ್ನು ನೆನೆದರೆ ಇದು ಸೋಜಿಗವೆನಿಸುತ್ತದೆ.

ಮುಂದಿನ ಹೆಜ್ಜೆಗಳು ಒಂದಾದಮೇಲೊಂದು ಬಂದವು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸನು 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೇರು ಹೀರಿದ ನೀರು ಎಲೆಗಳ ಮೂಲಕ ಆವಿಯಾಗಿ ಹೊರಹೋಗುವುದನ್ನು ಅಳೆದು ತೋರಿಸಿದನು. ಸಸ್ಯಗಳು ಗಾಳಿಯಿಂದಲೂ ಪೋಷಣೆ ಪಡೆಯುತ್ತಿರಬಹುದೆಂದು ಊಹಿಸಿದನು. 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು, ಮೇಣದ ಬತ್ತಿ ಉರಿದು ನಂದಿದ ಗಾಳಿಯಲ್ಲಿ ಪುದೀನದ ಕಡ್ಡಿಯೊಂದನ್ನಿಟ್ಟು, ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯುವುದನ್ನು ಕಂಡನು. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು, ಈ ಶುದ್ಧೀಕರಣವು ಬಿಸಿಲಿನಲ್ಲಿ ಮಾತ್ರ, ಅದೂ ಸಸ್ಯದ ಹಸುರು ಭಾಗಗಳಿಂದ ಮಾತ್ರ ನಡೆಯುತ್ತದೆಂದು ಸಿದ್ಧಪಡಿಸಿದನು. ಕತ್ತಲೆಯಲ್ಲಿ ಸಸ್ಯವೂ ಪ್ರಾಣಿಯಂತೆ ಗಾಳಿಯನ್ನು ಕೆಡಿಸುತ್ತದೆಂಬುದನ್ನೂ ಅವನು ಗುರುತಿಸಿದನು. 1804ರಲ್ಲಿ ಜಿನೀವಾದ ಡಿ ಸೊಸ್ಯೂರನು, ಸಸ್ಯದ ತೂಕ ಹೆಚ್ಚುವುದಕ್ಕೆ ಗಾಳಿಯ ಇಂಗಾಲಾಮ್ಲ ವಾಯು ಮತ್ತು ನೀರು ಎರಡೂ ಕಾರಣವೆಂದು ಲೆಕ್ಕಹಾಕಿ ತೋರಿಸಿದನು.

ಇಂದು ನಮಗೆ ತಿಳಿದಿರುವುದರ ಸಾರಾಂಶ ಇಷ್ಟು. ಎಲೆಯು ತನ್ನ ಸೂಕ್ಷ್ಮ ರಂಧ್ರಗಳಿಂದ ಇಂಗಾಲಾಮ್ಲ ವಾಯುವನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ಬೇರು ನೀರನ್ನೂ ಅದರಲ್ಲಿ ಕರಗಿರುವ ಅಲ್ಪ ಪ್ರಮಾಣದ ಲವಣಗಳನ್ನೂ ಮೇಲಕ್ಕೆ ಕಳುಹಿಸುತ್ತದೆ. ಎಲೆಯ ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹಿಡಿದು, ಇವೆರಡರಿಂದ ಸಕ್ಕರೆಯನ್ನು ತಯಾರಿಸುತ್ತದೆ. ಉಳಿದ ಆಮ್ಲಜನಕವನ್ನು ಹೊರಬಿಡುತ್ತದೆ. ಆ ಸಕ್ಕರೆಯೇ ಪಿಷ್ಟವಾಗಿ, ನಾರಾಗಿ, ಚೇಗಾಗಿ, ಹಣ್ಣಿನ ತಿರುಳಾಗಿ ಪರಿಣಮಿಸುತ್ತದೆ. ಆದುದರಿಂದ ಮರದ ಒಣ ತೂಕದ ಬಹುಪಾಲು ಗಾಳಿಯಿಂದಲೂ ನೀರಿನಿಂದಲೂ ಬಂದದ್ದು. ಮಣ್ಣಿನಿಂದ ಬಂದ ಭಾಗವನ್ನು ನೋಡಬೇಕಾದರೆ ಸೌದೆ ಉರಿದ ಮೇಲೆ ಉಳಿಯುವ ಬೂದಿಯನ್ನು ನೋಡಿದರೆ ಸಾಕು. ಒಂದು ಹೊರೆ ಸೌದೆಗೆ ಎಷ್ಟು ಬೂದಿ ಉಳಿಯುತ್ತದೆಂಬುದನ್ನು ಒಲೆಯ ಮುಂದೆ ಕುಳಿತು ಬೆಳೆದ ಯಾವ ಮಗುವಿಗೂ ಹೇಳಿಕೊಡಬೇಕಾದುದಿಲ್ಲ. ಆ ಹಿಡಿ ಬೂದಿಯೇ ಹೆಲ್ಮಾಂಟನ ಎರಡು ಔನ್ಸು.

3. ಮರದ ವಯಸ್ಸು

ಈಗ ಎರಡನೆಯ ಮಾತನ್ನು ನೋಡೋಣ. ನಲ್ಲೂರಿನ ತೋಪು ಚೋಳರ ಕಾಲದ್ದು, ಎಂಟುನೂರು ವರ್ಷಗಳಷ್ಟು ಹಳೆಯದು ಎಂಬ ಪ್ರತೀತಿ ಜನರಲ್ಲಿ ಬಲವಾಗಿದೆ. ಆದರೆ ಈ ಒಂದೇ ವಾಕ್ಯದೊಳಗೆ ಎರಡು ಹೇಳಿಕೆಗಳಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಚೋಳರು ಗಂಗವಾಡಿಯ ತಲಕಾಡನ್ನು ವಶಪಡಿಸಿಕೊಂಡದ್ದು ಕ್ರಿ.ಶ. 1004ರ ಸುಮಾರಿನಲ್ಲಿ. 1116ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು "ತಲಕಾಡುಗೊಂಡ"ನೆನಿಸಿದ ಮೇಲೆ ಈ ಸೀಮೆಯಲ್ಲಿ ಚೋಳರ ಅಧಿಕಾರ ಮುಗಿಯಿತು. ಆದುದರಿಂದ ತೋಪು ಚೋಳರ ಕಾಲದ್ದಾದರೆ ಅದಕ್ಕೆ ಒಂಬೈನೂರು ವರ್ಷಗಳಾದರೂ ಆಗಿರಬೇಕು. ಎಂಟುನೂರೇ ಸರಿಯಾದರೆ ಅದನ್ನು ನೆಟ್ಟವರು ಹೊಯ್ಸಳರ ಪ್ರಜೆಗಳಾಗಿರಬೇಕು.

ಗ್ರಾಮದ ಹೆಸರು ತಮಿಳಿನಂತೆ ಕೇಳುತ್ತದೆಂಬುದನ್ನು ಆಧಾರವಾಗಿ ಕೊಡುವುದೂ ನಿಲ್ಲುವುದಿಲ್ಲ. ಒಳ್ಳೆಯದು ಎಂಬರ್ಥದ "ನಲ್" ಎಂಬುದು ಹಳಗನ್ನಡಕ್ಕೂ ಸೇರಿದ ಶಬ್ದ. ನಲ್ಮೆ, ನಲ್ಲ, ನಲ್ಲೆ ಎಂಬ ಮಾತುಗಳು ಇಂದಿಗೂ ನಮ್ಮಲ್ಲಿವೆ. ತಮಿಳು ಶಾಸನಗಳಾದರೂ, ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ನೋಡಿದವರಿಗೆ ತಿಳಿದಿರುವಂತೆ, ಈ ಪೂರ್ವ ಸೀಮೆಯಲ್ಲಿ ಚೋಳರ ತರುವಾಯ ಹೊಯ್ಸಳರ ಕಾಲದಲ್ಲಿಯೂ ಹುಟ್ಟುತ್ತಲೇ ಇದ್ದವು. ಭಾಷೆಯಿಂದ ಅರಸನನ್ನು ನಿರ್ಧರಿಸಲಾಗದು.

ಮರಗಳೇ ಏನು ಹೇಳುತ್ತವೆ? ತೋಪಿನ ಅತ್ಯಂತ ದೊಡ್ಡ ಮರಗಳಲ್ಲೊಂದನ್ನು ವಿಕಿರಣಶೀಲ ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅದಕ್ಕೆ ನಾಲ್ಕುನೂರು ವರ್ಷಗಳಿಗೂ ಮೀರಿದ ವಯಸ್ಸು ದೊರೆತಿದೆ. ಈ ಪರೀಕ್ಷೆಯ ತಳಹದಿಯನ್ನು 1949ರಲ್ಲಿ ಹಾಕಿದ ಅಮೆರಿಕದ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಬಂತು. ಗಾಳಿಯ ಇಂಗಾಲಾಮ್ಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವು ಅತ್ಯಲ್ಪ ಪ್ರಮಾಣದಲ್ಲಿ ಸೇರಿರುತ್ತದೆ. ಎಲೆಯು ಅದನ್ನೂ ಸೆಳೆದುಕೊಳ್ಳುತ್ತದೆ. ಒಮ್ಮೆ ಚೇಗಾಗಿ ನಿಂತ ಮರದ ಭಾಗಕ್ಕೆ ಹೊಸ ಇಂಗಾಲ ಸೇರುವುದಿಲ್ಲ; ಅಲ್ಲಿರುವ ಇಂಗಾಲ-14 ಮಾತ್ರ ಸುಮಾರು 5730 ವರ್ಷಗಳಲ್ಲಿ ಅರ್ಧವಾಗುವ ಗತಿಯಲ್ಲಿ ಕ್ಷಯಿಸುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ಆ ಭಾಗವು ಯಾವಾಗ ಬೆಳೆಯಿತೆಂಬುದು ತಿಳಿಯುತ್ತದೆ.

ಇಲ್ಲಿ ಆ ಹುಡುಗನ ಪ್ರಶ್ನೆಯೂ ಇತಿಹಾಸಕಾರನ ಪ್ರಶ್ನೆಯೂ ಒಂದೆಡೆ ಸೇರುವುದನ್ನು ವಾಚಕರು ಗಮನಿಸಬೇಕು. ಮರದ ಮೈ ಗಾಳಿಯಿಂದ ಆದದ್ದರಿಂದಲೇ ಮರದ ವಯಸ್ಸನ್ನು ಹೀಗೆ ಅಳೆಯಲು ಸಾಧ್ಯವಾಯಿತು. ನಾನು ಹೇಳಿದಂತೆ ಅದು ಮಣ್ಣನ್ನು ತಿಂದು ಬೆಳೆದಿದ್ದರೆ, ಮಣ್ಣಿನಲ್ಲಿರುವ ಹೊಸದು ಹಳೆಯದು ಎಲ್ಲ ಇಂಗಾಲವೂ ಬೆರೆತುಹೋಗಿ, ಈ ಅಳತೆಗೆ ಅರ್ಥವೇ ಇರುತ್ತಿರಲಿಲ್ಲ.

ನಾಲ್ಕುನೂರು ವರ್ಷಗಳೆಂದರೆ ಹದಿನಾರನೆಯ ಶತಮಾನದ ಅಂತ್ಯ ಅಥವಾ ಹದಿನೇಳನೆಯ ಶತಮಾನದ ಆದಿ. ಆಗ ದೇವನಹಳ್ಳಿಯ ಸೀಮೆ ಆವತಿಯ ನಾಡಪ್ರಭುಗಳ ಕೈಯಲ್ಲಿತ್ತು. 1501ರಲ್ಲಿ ಆ ವಂಶದ ಮಲ್ಲಭೈರೇಗೌಡನು ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನು; 1749ರಲ್ಲಿ ಮೈಸೂರಿನ ಸೈನ್ಯ ಅದನ್ನು ಹಿಡಿಯುವವರೆಗೂ ಅವರ ಆಳಿಕೆ ನಡೆಯಿತು. ಹಾಗೆಂದು ಪ್ರತೀತಿಯನ್ನು ಸುಳ್ಳೆಂದು ತಳ್ಳಿಬಿಡುವುದೂ ಸರಿಯಲ್ಲ. ಪರೀಕ್ಷೆಗೆ ಒಳಗಾದುದು ಇಂದು ಉಳಿದಿರುವ ಮರ. ಹಳೆಯ ಹುಣಸೆಯ ತಿರುಳು ಕೊಳೆತು ಟೊಳ್ಳಾಗುವುದರಿಂದ ಎಲ್ಲಕ್ಕಿಂತ ಮೊದಲು ಬೆಳೆದ ಚೇಗು ಎಷ್ಟೋ ವೇಳೆ ಪರೀಕ್ಷೆಗೆ ಸಿಕ್ಕುವುದಿಲ್ಲ. ಮರಗಳು ಸತ್ತ ಕಡೆ ಹೊಸ ಮರಗಳೆದ್ದು ತೋಪು ಮಾತ್ರ ಮುಂದುವರಿದುಕೊಂಡು ಬಂದಿರುವುದೂ ಸಾಧ್ಯ. ಮರದ ವಯಸ್ಸು ಒಂದು, ತೋಪಿನ ವಯಸ್ಸು ಇನ್ನೊಂದು. ಮಕ್ಕಳಿಗೆ ಇದನ್ನು ಹೀಗೆಯೇ ಬಿಡಿಸಿ ಹೇಳಬಹುದು: "ಹಿರಿಯರು ಚೋಳರ ಕಾಲದ್ದೆಂದು ಹೇಳುತ್ತಾರೆ, ಒಂದು ದೊಡ್ಡ ಮರವನ್ನು ಅಳೆದಾಗ ನಾಲ್ಕುನೂರು ವರ್ಷ ದಾಟಿತ್ತು." ಎರಡನ್ನೂ ಪಕ್ಕಪಕ್ಕದಲ್ಲಿ ಇರಿಸಿದರೆ ಎಂಟು ವರ್ಷದ ಮಗುವಿಗೂ ಗೊಂದಲವಾಗುವುದಿಲ್ಲ, ಕೇಳಿದ್ದು ಬೇರೆ, ಅಳೆದದ್ದು ಬೇರೆ ಎಂಬ ವಿವೇಕ ಹುಟ್ಟುತ್ತದೆ.

4. ಬೀಜದಿಂದ ಪಾಠ

ಎಳೆಯರಿಗೆ ಸಸ್ಯಪಾಠವನ್ನು ಹೇಳುವಾಗ ಗ್ರಂಥದಿಂದ ತೊಡಗದೆ ಬೀಜದಿಂದ ತೊಡಗುವುದು ಉಚಿತ. ನಮ್ಮ ಸೀಮೆಯ ಮಟ್ಟಿಗೆ ಹುಣಸೆಯ ಬೀಜಕ್ಕಿಂತ ಅನುಕೂಲವಾದುದು ಇಲ್ಲ. ಅದಕ್ಕೆ ಬೆಲೆಯಿಲ್ಲ, ಎಲ್ಲ ಮನೆಗಳಲ್ಲಿಯೂ ಸಿಕ್ಕುತ್ತದೆ, ಮಕ್ಕಳಿಗೆ ಮೊದಲೇ ಪರಿಚಿತ. ಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಉಜ್ಜಿ ಬಿಳುಪು ಮಾಡಿ ಚೌಕಾಬಾರಕ್ಕೆ ದಾಳವಾಗಿ ಬಳಸುವುದು ಅವರಿಗೆ ಗೊತ್ತು. ಉಜ್ಜಿದಾಗ ಕಾಣುವ ಆ ಬಿಳಿಯ ಭಾಗ ಯಾವುದು ಎಂದು ಕೇಳುವುದೇ ಮೊದಲನೆಯ ಪಾಠವಾಗಬಹುದು. ಅದು ಬೀಜದಳ, ಎಳೆಯ ಗಿಡಕ್ಕಾಗಿ ತಾಯಿಮರ ಕಟ್ಟಿಕೊಟ್ಟ ಬುತ್ತಿ.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ತೆಂಗಿನ ಚಿಪ್ಪಿನಲ್ಲಿಯೋ ಒಡೆದ ಮಡಕೆಯಲ್ಲಿಯೋ ಹಾಕಿದರೆ ಒಂದೆರಡು ವಾರಗಳಲ್ಲಿ ಮೊಳಕೆ ಏಳುತ್ತದೆ. ಮೊದಲು ಹೊರಡುವುದು ಬೇರು, ಚಿಗುರಲ್ಲ. ತರುವಾಯ ಕಾಂಡವು ಬಾಗಿಕೊಂಡು ಮೇಲಕ್ಕೆದ್ದು ದಪ್ಪನೆಯ ಎರಡು ಬೀಜದಳಗಳನ್ನು ನೆಲದಿಂದ ಹೊರಕ್ಕೆ ಎತ್ತುತ್ತದೆ. ಅವುಗಳ ನಡುವಿನಿಂದ ಗರಿಯಂತಹ ಮೊದಲ ಎಲೆಗಳು ಬಿಚ್ಚಿಕೊಳ್ಳುತ್ತವೆ. ಎಲೆಗಳು ಹಸುರಾಗಿ ಹರಡಿದಂತೆಲ್ಲ ಬೀಜದಳಗಳು ಸುಕ್ಕಿ ಉದುರಿಹೋಗುತ್ತವೆ. ಈ ಕ್ರಮವನ್ನು ಮಕ್ಕಳು ದಿನದಿನವೂ ನೋಡಿ ಚಿತ್ರ ಬರೆದಿಡಬೇಕು. ಬುತ್ತಿ ತೀರುವುದಕ್ಕೆ ಮುಂಚೆ ಗಿಡವು ತಾನೇ ಅಡುಗೆ ಮಾಡಿಕೊಳ್ಳಲು ಕಲಿಯಿತು ಎಂಬ ಮಾತನ್ನು ಆಗ ಉಪಾಧ್ಯಾಯರು ಹೇಳಬೇಕಾಗುವುದೇ ಇಲ್ಲ, ಮಕ್ಕಳೇ ಹೇಳುತ್ತಾರೆ.

ಎರಡನೆಯ ಪ್ರಯೋಗ ಬೆಳಕನ್ನು ಕುರಿತದ್ದು. ಒಂದೇ ದಿನ ಹುಟ್ಟಿದ ಎರಡು ಸಸಿಗಳಿಗೂ ಒಂದೇ ಪ್ರಮಾಣದಲ್ಲಿ ನೀರನ್ನು ಹಾಕುತ್ತ, ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ಬುಟ್ಟಿ ಕವಿಚಿ ಕತ್ತಲೆಯಲ್ಲಿಯೂ ಇರಿಸಬೇಕು. ಕತ್ತಲೆಯ ಸಸಿ ಮೊದಮೊದಲು ಹೆಚ್ಚು ಉದ್ದವಾಗಿ ಬೆಳೆಯುತ್ತದೆ. ಇದನ್ನು ಕಂಡು ಮಕ್ಕಳು ಕತ್ತಲೆಯೇ ಒಳ್ಳೆಯದೆಂದು ನಿರ್ಣಯಿಸುವುದುಂಟು. ಅವಸರದಿಂದ ತಿದ್ದಬಾರದು. ಅದು ಬಿಳುಚಿ, ಸೊರಗಿ, ಬುತ್ತಿ ತೀರಿದೊಡನೆ ಒರಗುವುದನ್ನು ಅವರೇ ಕಾಣಲಿ. ಅದು ಉದ್ದವಾದದ್ದು ಬೆಳಕನ್ನು ಹುಡುಕಿಕೊಂಡು, ಬಲಿತದ್ದರಿಂದಲ್ಲ. ಉದ್ದವಾಗುವುದಕ್ಕೂ ಬೆಳೆಯುವುದಕ್ಕೂ ಇರುವ ಭೇದ ಇಲ್ಲಿ ತಿಳಿಯುತ್ತದೆ.

ಮೂರನೆಯದು ಸಂಜೆಯ ಪಾಠ. ಹುಣಸೆಯ ಕಿರುದಳಗಳು ಹೊತ್ತು ಮುಳುಗಿದೊಡನೆ ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ; ಬೆಳಗಾದರೆ ತೆರೆಯುತ್ತವೆ. ಇದನ್ನು ಗಮನಿಸಿ ಬರೆದಿಟ್ಟ ದಾಖಲೆಗಳಲ್ಲಿ ಬಹು ಪ್ರಾಚೀನವಾದುದು ಅಲೆಗ್ಸಾಂಡರನ ಕಾಲದ ಆಂಡ್ರೊಸ್ಥನೀಸನದು. ಪಾರಸಿಯ ಕೊಲ್ಲಿಯ ಟೈಲಾಸ್ ದ್ವೀಪದಲ್ಲಿ, ಎಂದರೆ ಇಂದಿನ ಬಹ್ರೇನಿನಲ್ಲಿ, ಅವನು ಕಂಡ ಇಂತಹ ಮರವೊಂದರ ವರ್ಣನೆಯನ್ನು ಥಿಯೊಫ್ರಾಸ್ಟಸನು ತನ್ನ ಸಸ್ಯಗ್ರಂಥದಲ್ಲಿ ಉಳಿಸಿದ್ದಾನೆ. ಆ ಮರ ಹುಣಸೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಜೆ ಅಂಗಳದಲ್ಲಿ ನಿಂತು ಎಲೆಯನ್ನು ನೋಡುವ ಮಗು ಇಪ್ಪತ್ತಮೂರು ಶತಮಾನಗಳ ಹಿಂದಿನ ನೋಟವನ್ನೇ ಮತ್ತೆ ನೋಡುತ್ತದೆ.

5. ಒಂದೇ ಜಾತಿ, ಹಲವು ಬಗೆ

ಒಂದೇ ಜಾತಿಯ ಮರಗಳಿರುವ ತೋಪನ್ನು "ವೈವಿಧ್ಯ"ದ ತಾಣವೆಂದು ಕರೆಯುವುದೇಕೆ ಎಂಬ ಸಂದೇಹ ಕಾಲೇಜಿನ ವಿದ್ಯಾರ್ಥಿಗಳಿಗೂ ಬರುತ್ತದೆ. ಇದಕ್ಕೆ ಉತ್ತರ ಹಣ್ಣಿನಲ್ಲಿದೆ. ನಲ್ಲೂರಿನ ಮರಗಳಲ್ಲಿ ಒಂದರಂತೆ ಒಂದಿಲ್ಲ. ಕಾಯಿಯ ಉದ್ದ, ಬಾಗು, ತಿರುಳಿನ ಬಣ್ಣ, ಹುಳಿಯ ಪ್ರಮಾಣ, ಮರದ ಆಕಾರ ಎಲ್ಲವೂ ಮರದಿಂದ ಮರಕ್ಕೆ ಬೇರೆ. ಹುಣಸೆಯ ಹೂವಿಗೆ ಜೇನುನೊಣಗಳು ಬೇರೆ ಮರಗಳ ಪರಾಗವನ್ನು ತರುವುದರಿಂದ ಬೀಜದಿಂದ ಹುಟ್ಟಿದ ಮರವು ತಾಯಿಯ ತದ್ರೂಪವಾಗಿರುವುದಿಲ್ಲ. ಬರಗಾಲಕ್ಕೆ ಒಂದು ಮರ ತಡೆದೀತು, ರೋಗಕ್ಕೆ ಮತ್ತೊಂದು ತಡೆದೀತು. ಶತಮಾನಗಳ ಬಿಸಿಲನ್ನೂ ಬರವನ್ನೂ ಕಂಡು ಉಳಿದ ಮರಗಳ ಬೀಜ ಇನ್ನೆಲ್ಲಿಯೂ ಸಿಕ್ಕಲಾರದ ಭಂಡಾರ. ಕಸಿಕಟ್ಟಿದ ಒಂದೇ ತಳಿಯನ್ನು ನೆಟ್ಟ ತೋಟದಲ್ಲಿ ಈ ಭದ್ರತೆಯಿಲ್ಲ.

ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಮೂರು ಮರಗಳ ಕೆಳಗೆ ಬಿದ್ದ ಹಣ್ಣುಗಳನ್ನು ಬೇರೆಬೇರೆಯಾಗಿ ಆರಿಸಿ, ಉದ್ದವನ್ನು ಅಳೆದು, ಬೀಜಗಳನ್ನು ಎಣಿಸಿ, ನಾಲಗೆಯ ಮೇಲಿಟ್ಟು ಹುಳಿಯನ್ನು ಹೋಲಿಸಲಿ. ದೋರುಗಾಯಿಗೆ ಕಲ್ಲೆಸೆದು ಬೆಳೆದ ಹಳ್ಳಿಯ ಮಗುವಿಗೆ ಯಾವ ಮರದ ಕಾಯಿ ಸಿಹಿ, ಯಾವುದು ಬರಿಯ ಹುಳಿ ಎಂಬುದು ಮೊದಲೇ ತಿಳಿದಿರುತ್ತದೆ. ಅದು ಪುಂಡಾಟಿಕೆಯ ತಿಳಿವಳಿಕೆಯೆಂದು ನಾವು ಗದರಿಸುತ್ತ ಬಂದಿದ್ದೇವೆ. ಜೀವವೈವಿಧ್ಯವೆಂದು ಅಧಿನಿಯಮವು ಕರೆಯುವುದು ಇದನ್ನೇ. ಅದೇ ಅಧಿನಿಯಮದ 41ನೆಯ ಪ್ರಕರಣದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಗ್ರಾಮದ ಸಸ್ಯಸಂಪತ್ತನ್ನೂ ಅದರ ಬಗೆಗಿನ ಜನರ ತಿಳಿವಳಿಕೆಯನ್ನೂ ದಾಖಲೆ ಮಾಡಬೇಕು. ಮಕ್ಕಳ ಅಳತೆಯ ಪುಸ್ತಕ ಆ ದಾಖಲೆಗೆ ಒದಗಬಲ್ಲುದು.

6. ಮಹತ್ತ್ವವನ್ನು ತಿಳಿಸುವ ಬಗೆ

"ಮರಗಳು ನಮಗೆ ಉಪಕಾರಿ" ಎಂಬ ವಾಕ್ಯವನ್ನು ಬರೆಯಿಸಿದ ಮಾತ್ರಕ್ಕೆ ಉಪಕಾರವು ಮನಸ್ಸಿಗೆ ಹತ್ತುವುದಿಲ್ಲ. ಮನೆಗೆ ಹೋಗಿ ಹುಣಸೆಯಿಂದ ಏನೇನಾಗುತ್ತದೆಂದು ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎಂದರೆ ಸಾಕು. ಸಾರಿಗೆ ಹುಳಿ, ಚಿಗುರಿನ ಸಾರು, ಉಪ್ಪು ಸೇರಿಸಿ ಕುಟ್ಟಿದ ಕಾಯಿ, ತಾಮ್ರ ಹಿತ್ತಾಳೆಗಳನ್ನು ಬೆಳಗುವ ಹುಳಿಹಿಂಡಿ, ಕಂಬಳಿಯ ನೂಲಿಗೆ ಬಿಗಿ ಕೊಡುವ ಬೀಜದ ಸರಿ, ಕೊಡತಿ ಒನಕೆಗಳಿಗೆ ಒದಗುವ ಗಟ್ಟಿ ಮರ ಎಂದು ಪಟ್ಟಿ ಬೆಳೆಯುತ್ತದೆ. ಕೆಲವರು ಹುಣಸೆಯ ಮರದಲ್ಲಿ ದೆವ್ವವಿದೆ, ರಾತ್ರಿ ಅದರ ಕೆಳಗೆ ಮಲಗಬಾರದು ಎಂಬುದನ್ನೂ ತರುತ್ತಾರೆ. ಅದನ್ನು ನಗೆಯಾಡದೆ ಬರೆದುಕೊಳ್ಳಬೇಕು. ಅದೂ ಕೇಳಿದ ಮಾತುಗಳ ಕಡೆಗೆ ಸೇರಲಿ. ಹೊತ್ತು ಮುಳುಗಿದ ಮೇಲೆ ಸಸ್ಯವು ಆಮ್ಲಜನಕವನ್ನು ಬಿಡುವುದಿಲ್ಲ, ನಮ್ಮಂತೆ ಉಸಿರಾಡುತ್ತದೆ ಎಂಬ ಇಂಗೆನ್‌ಹೌಸನ ಶೋಧನೆಯನ್ನು ಹೇಳುವುದಕ್ಕೆ ಅದೇ ಸಂದರ್ಭವಾಗುತ್ತದೆ. ಆದರೆ ಅದರಿಂದ ಮಲಗಿದವರಿಗೆ ಅಪಾಯವಾಗುವಷ್ಟು ಗಾಳಿ ಕೆಡುವುದಿಲ್ಲವೆಂಬುದನ್ನೂ ಕೂಡಿಸಿ ಹೇಳತಕ್ಕದ್ದು.

ಇತಿಹಾಸದ ಉದಾಹರಣೆಗಳಿಗೂ ಇಲ್ಲಿ ಸ್ಥಾನವುಂಟು. ಅಶೋಕನು ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧಿ ಸಸ್ಯಗಳನ್ನು ಇಲ್ಲದ ಕಡೆಗಳಿಗೆ ತರಿಸಿ ನೆಡಿಸಿದುದು ಅವನ ಎರಡನೆಯ ಶಿಲಾಶಾಸನದಲ್ಲಿದೆ. ದಾರಿಗಳಲ್ಲಿ ಆಲದ ಮರಗಳನ್ನು ಹಾಕಿಸಿದುದು ಏಳನೆಯ ಸ್ತಂಭಶಾಸನದಲ್ಲಿದೆ. ಆದರೆ ಎಳೆಯರಿಗೆ ಅಶೋಕನಿಗಿಂತ ಹತ್ತಿರದವರು ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು. ಅವರು ಪತಿಯೊಡನೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಕಥೆಯಲ್ಲಿ ಮಕ್ಕಳ ಗಮನ ಪ್ರಶಸ್ತಿಯ ಮೇಲೆ ನಿಲ್ಲದೆ ಕೊಡದ ಮೇಲೆ ನಿಲ್ಲುವಂತೆ ಉಪಾಧ್ಯಾಯರು ನೋಡಿಕೊಳ್ಳಬೇಕು. ನೆಡುವುದು ಒಂದು ದಿನದ ಕೆಲಸ, ನೀರೆರೆಯುವುದು ಹಲವು ಬೇಸಿಗೆಗಳ ಕೆಲಸ.

7. ಶಾಲೆಗಳಲ್ಲಿ ಸಸ್ಯಪಾಠ

ಈ ಬಗೆಯ ಶಿಕ್ಷಣ ಹೊಸದೇನೂ ಅಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿ ತೆರೆದ ಶಿಶುಶಾಲೆಗೆ 1840ರಲ್ಲಿ "ಮಕ್ಕಳ ತೋಟ" ಎಂಬರ್ಥದ ಹೆಸರಿಟ್ಟನು. ಮಕ್ಕಳು ತಾವೇ ಪಾತಿಗಳನ್ನು ನೋಡಿಕೊಳ್ಳುವುದು ಅವನ ಪದ್ಧತಿಯ ಅಂಗವಾಗಿತ್ತು. ಶಾಂತಿನಿಕೇತನದಲ್ಲಿ 1928ರಲ್ಲಿ ರವೀಂದ್ರನಾಥರು ವೃಕ್ಷಾರೋಪಣದ ಉತ್ಸವವನ್ನು ಆರಂಭಿಸಿದರು. 1937ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣದ ಯೋಜನೆಯಲ್ಲಿ ಬೇಸಾಯವೂ ತೋಟದ ಕೆಲಸವೂ ಪಾಠದ ಕೇಂದ್ರಗಳಾಗಿದ್ದವು. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ದೇಶವ್ಯಾಪಿಯಾಗಿ ಮಾಡಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ವಿಷಯವನ್ನು ಶಿಕ್ಷಣದಲ್ಲಿ ಕಡ್ಡಾಯಗೊಳಿಸುವಂತೆ ನಿರ್ದೇಶಿಸಿತು.

ಕನ್ನಡದಲ್ಲಿಯೂ ದಾರಿ ತೋರಿದವರುಂಟು. ಶಿವರಾಮ ಕಾರಂತರು 1930ರ ದಶಕದಲ್ಲಿಯೇ "ಬಾಲಪ್ರಪಂಚ"ದ ಸಂಪುಟಗಳಿಂದ ಮಕ್ಕಳಿಗೆ ವಿಜ್ಞಾನವನ್ನು ತಾಯ್ನುಡಿಯಲ್ಲಿ ಕೊಟ್ಟರು. ಬಿ. ಜಿ. ಎಲ್. ಸ್ವಾಮಿಯವರ "ಹಸುರು ಹೊನ್ನು" ವಿದ್ಯಾರ್ಥಿಗಳೊಡನೆ ಕಾಡು ತಿರುಗುತ್ತ ಸಸ್ಯಗಳನ್ನು ಪರಿಚಯಿಸುವ ಕೃತಿ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ನಗುನಗುತ್ತ ಕಲಿಸಬಹುದೆಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಆದರೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಪಾಠವು ಕಡ್ಡಾಯವಾದಂತೆ ಅದು ಪುಸ್ತಕದೊಳಕ್ಕೆ ಸರಿಯಿತು. ಬೇರು, ಕಾಂಡ, ಎಲೆ ಎಂದು ಗೆರೆ ಎಳೆದು ಹೆಸರು ಬರೆದರೆ ಅಂಕ ದೊರೆಯುತ್ತದೆ. ಗುಂಡಿ ಏಕೆ ಬೀಳಲಿಲ್ಲವೆಂದು ಕೇಳಿದರೆ ದೊರೆಯುವುದಿಲ್ಲ. ಸ್ನಾತಕೋತ್ತರ ಪದವಿ ಪಡೆದ ನಾನೇ ಹೆಲ್ಮಾಂಟನಿಗಿಂತ ಹಿಂದಿನ ಕಾಲದ ಉತ್ತರವನ್ನು ಕೊಟ್ಟೆನೆಂದರೆ, ದ್ಯುತಿಸಂಶ್ಲೇಷಣೆ ಎಂಬ ಶಬ್ದವನ್ನು ಕಲಿತಿದ್ದೆನೇ ಹೊರತು ಸಂಗತಿಯನ್ನು ಕಲಿತಿರಲಿಲ್ಲ ಎಂದೇ ಅರ್ಥ.

8. ಉಪಸಂಹಾರ

ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಒಂದು ಮರಕ್ಕೆ ಸಲ್ಲುತ್ತದೆ, ತೋಪಿಗೆ ಸಲ್ಲುವುದಿಲ್ಲ. ಹಳೆಯ ಮರಗಳು ಮಾತ್ರವೇ ಇರುವ ತೋಪು ಎಷ್ಟೇ ಕೀರ್ತಿವಂತವಾದರೂ ಒಂದೊಂದಾಗಿ ತೀರಿಹೋಗುತ್ತದೆ. ಮೇಲೆ ಹೇಳಿದ ಭೇಟಿಯ ದಿನ ನಾವು ನಡೆದಾಡಿದ ಭಾಗದಲ್ಲಿ ಆ ವರ್ಷ ಹುಟ್ಟಿದ ಸಸಿಗಳು ಹಲವು ಇದ್ದವು. ಮೊಣಕಾಲೆತ್ತರ ಬೆಳೆದದ್ದು ಒಂದೂ ಕಣ್ಣಿಗೆ ಬೀಳಲಿಲ್ಲ. ಮೇಯುವ ಆಡುಗಳಿಗೂ ನಡೆಯುವ ಕಾಲುಗಳಿಗೂ ಸಿಕ್ಕದೆ ಬೇಲಿಯೊಳಗೆ ಕೆಲವು ವರ್ಷ ಉಳಿದರೆ ಮಾತ್ರ ಸಸಿ ಮರವಾದೀತು. ಬೀಜದಿಂದೆದ್ದ ಹುಣಸೆ ಫಲ ಕೊಡುವುದಕ್ಕೆ ಏಳೆಂಟು ವರ್ಷಗಳಾದರೂ ಬೇಕು. ಒಂದನೆಯ ತರಗತಿಯ ಮಗು ಹಾಕಿದ ಬೀಜ ಆ ಮಗು ಪ್ರೌಢಶಾಲೆಗೆ ಬರುವ ಹೊತ್ತಿಗೆ ಕಾಯಿ ಬಿಡುತ್ತದೆ. ಎಳೆಯರಿಗೆ ಕಾಲದ ಅಳತೆಯನ್ನು ಕಲಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಉಪಕರಣ ಇತಿಹಾಸದ ಅಧ್ಯಾಪಕನ ಬಳಿ ಇಲ್ಲ.

ಆದುದರಿಂದ ಕಾಲೇಜಿನ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ನೆರೆಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ಎರಡು ಬಾರಿ ಹೋಗಿ. ಬೀಜ, ತಕ್ಕಡಿ, ಅಳತೆಯ ಪಟ್ಟಿ ಇವಿಷ್ಟನ್ನು ಕೊಂಡೊಯ್ಯಿರಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆಂದು ಹೇಳಿ, ತಿಳಿದುಕೊಂಡು ಮತ್ತೆ ಹೋಗಿ.

ನಾನೂ ಮತ್ತೆ ಹೋದೆ. ಒಂದು ಹೊರೆ ಹುಣಸೆಯ ಪುಳ್ಳೆಯನ್ನು ತೂಗಿ, ಶಾಲೆಯ ಅಂಗಳದಲ್ಲಿ ಉರಿಸಿ, ಉಳಿದ ಬೂದಿಯನ್ನು ತೂಗಿ, ಮಣ್ಣಿನಿಂದ ಬಂದದ್ದು ಇಷ್ಟು ಮಾತ್ರ, ಅದಕ್ಕೇ ಗುಂಡಿ ಬೀಳಲಿಲ್ಲ, ಹೋದ ಸಲ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಆ ಹುಡುಗನು ಬೂದಿಯನ್ನು ನೋಡಿ, ಹೊಗೆ ಹೋದ ಕಡೆಗೆ ತಲೆಯೆತ್ತಿ, "ಅಂದ್ರೆ ಮಿಕ್ಕಿದ್ದೆಲ್ಲ ಗಾಳಿಗೇ ವಾಪಸ್ ಹೋಯ್ತಾ ಸಾರ್?" ಎಂದನು. ಅವನಿಗೆ ಪಾಠ ತಿಳಿದಿತ್ತು.